ಎಂಟು ತಿಂಗಳ ಮಗುವಿನ ತೂಕ ನಿಂತುಬಿಟ್ಟಿದೆ, ನನ್ನ ಹಾಲೇ ಕಾರಣವಾ?

ಪ್ರಶ್ನೆ: ಡಾಕ್ಟರೇ, ನಮ್ಮದು ದಾವಣಗೆರೆ. ಮಗಳಿಗೆ ಈಗ ಎಂಟು ತಿಂಗಳು ತುಂಬಿದೆ. ಹುಟ್ಟಿದಾಗ 2.7 ಕೆಜಿ ಇದ್ದಳು. ಐದು ತಿಂಗಳಿಗೆ 6.2, ಆರಕ್ಕೆ 6.5. ಅಲ್ಲಿಂದ ಮುಂದೆ ತೂಕ ನಿಂತೇ ಹೋದ ಹಾಗಿದೆ. ಏಳು ತಿಂಗಳಿಗೆ 6.6, ಈಗ 6.7. ಪಕ್ಕದ ಮನೆಯ ಹುಡುಗ ಇವಳಿಗಿಂತ ಚಿಕ್ಕವನು, ಆಗಲೇ 9 ಕೆಜಿ ಇದ್ದಾನೆ. ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಹೆರಿಗೆ ರಜೆ ಮುಗಿಸಿ ಇವಳಿಗೆ ಆರು ತಿಂಗಳಾದಾಗ ಕೆಲಸಕ್ಕೆ ಹೋದೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ವಾಪಸ್ ಬರುವುದು ಸಂಜೆ ಐದಕ್ಕೆ. ಬೆಳಿಗ್ಗೆ, ಸಂಜೆ, ರಾತ್ರಿ ಎದೆಹಾಲು ಕೊಡುತ್ತೇನೆ. ಹಗಲು ನಮ್ಮತ್ತೆ ರಾಗಿ ಸರಿ ಕಾಯಿಸಿ ಬಾಟಲಿಯಲ್ಲಿ ಮೂರು ಸಲ ಕುಡಿಸುತ್ತಾರೆ. ಚಮಚದಲ್ಲಿ ಕೊಟ್ಟರೆ ಉಗಿಯುತ್ತಾಳೆ. ಏಳನೇ ತಿಂಗಳಲ್ಲಿ ನಾಲ್ಕು ದಿನ ಭೇದಿ ಆಗಿತ್ತು. ಆರು ತಿಂಗಳಾದ ಮೇಲೆ ತಾಯಿ ಹಾಲು ನೀರಾಗುತ್ತದೆ, ಹಸುವಿನ ಹಾಲು ಶುರು ಮಾಡು ಅಂತ ಅತ್ತೆ ಹೇಳುತ್ತಿದ್ದಾರೆ. ಮೆಡಿಕಲ್ ಶಾಪಿನವರು ಹಸಿವಿನ ಟಾನಿಕ್ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ಮಗು ಆಸರೆ ಇಲ್ಲದೆ ಕೂರುತ್ತಾಳೆ. ಅಂಬೆಗಾಲಿಡುತ್ತಿಲ್ಲ, ಹಲ್ಲೂ ಬಂದಿಲ್ಲ. ಅಣ್ಣ ವಾಕರ್ ತಂದುಕೊಟ್ಟಿದ್ದಾನೆ. ನನ್ನ ಹಾಲೇ ಕಾರಣವಾ? ಏನು ಮಾಡಲಿ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಹಾಲು ಕಾರಣ ಅಲ್ಲ. ಆದರೆ ಮಗುವಿನ ತೂಕದ ಬಗ್ಗೆ ನಿಮಗಿರುವ ಚಿಂತೆ ಸುಳ್ಳಲ್ಲ. ಅದನ್ನು ಸರಿಮಾಡಬೇಕು, ಈ ವಾರವೇ ಶುರುಮಾಡಬೇಕು.

ಪಕ್ಕದ ಮನೆಯ ಹುಡುಗನನ್ನು ಮೊದಲು ಬದಿಗಿಡೋಣ. ಗಂಡುಮಕ್ಕಳ ತೂಕದ ಪಟ್ಟಿ ಬೇರೆ, ಹೆಣ್ಣುಮಕ್ಕಳದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದ ಬೆಳವಣಿಗೆಯ ಪಟ್ಟಿಯನ್ನೇ ನಾವು ಇಲ್ಲೂ ಬಳಸುತ್ತೇವೆ. ಅದಕ್ಕಾಗಿ ಆರು ದೇಶಗಳ ಮಕ್ಕಳನ್ನು ಅಳೆದಿದ್ದರು, ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಆ ಪಟ್ಟಿಯಲ್ಲಿ ಎಂಟು ತಿಂಗಳ ಗಂಡುಮಗುವಿನ ನಡುಮಟ್ಟದ ತೂಕ 8.6 ಕೆಜಿ, ಹೆಣ್ಣುಮಗುವಿನದು 7.9 ಕೆಜಿ. ಹೆಣ್ಣುಮಗು 6.3 ಕೆಜಿಗಿಂತ ಕೆಳಗಿಳಿದರೆ ಮಾತ್ರ ಕಡಿಮೆ ತೂಕ ಅನ್ನುತ್ತೇವೆ. ನಿಮ್ಮ ಮಗಳು 6.7. ಅಂದರೆ ಸಣ್ಣ ಮೈಯ ಮಗು, ಆದರೆ ಆ ಮಿತಿಗಿಂತ ಮೇಲೇ ಇದ್ದಾಳೆ. ಹುಟ್ಟಿದ ತೂಕ ಐದಾರು ತಿಂಗಳಿಗೆ ಎರಡರಷ್ಟಾಗಬೇಕು, ವರ್ಷಕ್ಕೆ ಮೂರರಷ್ಟು ಹತ್ತಿರ ಬರಬೇಕು. 2.7ರ ಎರಡರಷ್ಟು ಅಂದರೆ 5.4. ಐದು ತಿಂಗಳಿಗೆ ನಿಮ್ಮ ಮಗಳು ಅದನ್ನು ದಾಟಿ 6.2 ಮುಟ್ಟಿದ್ದಳು. ಅಲ್ಲಿಯವರೆಗೆ ಅವಳು ಬೆಳೆದಿದ್ದು ನಿಮ್ಮ ಹಾಲಿನಿಂದಲೇ, ಅಲ್ವಾ?

ಆದರೆ ಒಂದು ದಿನದ ತೂಕ ನನಗೆ ಹೆಚ್ಚೇನೂ ಹೇಳುವುದಿಲ್ಲ. ನಾನು ನೋಡುವುದು ಗೆರೆ ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು. ನಿಮ್ಮ ತಾಯಿ ಕಾರ್ಡ್ ತೆಗೆಯಿರಿ. ಅದರಲ್ಲಿ ಬೆಳವಣಿಗೆಯ ನಕ್ಷೆ ಇರುತ್ತದೆ. ಎಷ್ಟೋ ಮನೆಗಳಲ್ಲಿ ಲಸಿಕೆ ಹಾಕಿಸಿದ ತಾರೀಖು ಮಾತ್ರ ತುಂಬಿರುತ್ತದೆ, ನಕ್ಷೆ ಖಾಲಿ ಉಳಿದಿರುತ್ತದೆ. ನೀವು ಬರೆದ ತೂಕಗಳನ್ನು ಅದರಲ್ಲಿ ಚುಕ್ಕಿ ಇಟ್ಟು ಸೇರಿಸಿ. ಆರು ತಿಂಗಳವರೆಗೆ ಗೆರೆ ಚೆನ್ನಾಗಿ ಮೇಲೇರುತ್ತದೆ, ಅಲ್ಲಿಂದ ಮುಂದೆ ಮಲಗಿಬಿಡುತ್ತದೆ. ಆರು ತಿಂಗಳಾದ ಮೇಲೆ ಎಲ್ಲ ಮಕ್ಕಳ ತೂಕವೂ ನಿಧಾನವಾಗಿಯೇ ಏರುತ್ತದೆ, ಅದು ಸಹಜ. ಮೊದಲ ಮೂರು ತಿಂಗಳು ದಿನಕ್ಕೆ 25–30 ಗ್ರಾಂ ಏರಿದ ಮಗು ಈಗ 10 ಗ್ರಾಂ ಏರಿದರೂ ಸಾಕು. ಹಾಗಿದ್ದರೂ ಎರಡು ತಿಂಗಳಲ್ಲಿ 600 ಗ್ರಾಂ ಆಸುಪಾಸು ಬರಬೇಕಿತ್ತು. ಬಂದಿರುವುದು 200. ಇದನ್ನು ‘ಸಣ್ಣ ಮೈ, ಬಿಡಿ’ ಅಂತ ಬಿಡಲಾಗದು.

ತೂಕ ನೋಡಿದ್ದು ಒಂದೇ ತಕ್ಕಡಿಯಲ್ಲಾ? ಇದನ್ನು ನಾನು ಎಲ್ಲರಿಗೂ ಕೇಳುತ್ತೇನೆ. ಒಂದು ತಿಂಗಳು ಆಸ್ಪತ್ರೆಯ ಡಿಜಿಟಲ್ ತಕ್ಕಡಿ, ಇನ್ನೊಂದು ತಿಂಗಳು ಅಂಗನವಾಡಿಯ ತೂಗು ತಕ್ಕಡಿ ಆದರೆ ಲೆಕ್ಕ ತಪ್ಪುತ್ತದೆ. ಸ್ವೆಟರ್, ಕಾಲ್ಗೆಜ್ಜೆ ಎಲ್ಲ ಸೇರಿರುತ್ತದೆ. ಒದ್ದೆ ಡೈಪರ್ ಒಂದೇ 150 ಗ್ರಾಂ ತೂಗಬಹುದು. ಇನ್ನು ಮುಂದೆ ಒಂದೇ ತಕ್ಕಡಿ, ಬರಿ ಮೈ, ಆದಷ್ಟೂ ಒಂದೇ ಹೊತ್ತು.

ಈಗ ಕಾರಣಕ್ಕೆ ಬರೋಣ. ನೀವು ಕೆಲಸಕ್ಕೆ ಹೋದ ತಿಂಗಳು, ಬಾಟಲಿ ಶುರುವಾದ ತಿಂಗಳು, ಗೆರೆ ಮಲಗಿದ ತಿಂಗಳು, ಮೂರೂ ಒಂದೇ. ಹೀಗೆ ಬರುವ ಅಮ್ಮಂದಿರಿಗೆ ನಾನು ಮೊದಲು ಹೇಳುವುದು, ‘ಬಾಟಲಿ ತಂದಿದ್ದರೆ ತೋರಿಸಿ’ ಅಂತ. ಬ್ಯಾಗಿನಿಂದ ಹೊರಬರುವ ಬಾಟಲಿಯಲ್ಲಿ ತಿಳಿ ಕಂದು ನೀರು ಇರುತ್ತದೆ, ತಳದಲ್ಲಿ ಬೆರಳಗಲ ಹಿಟ್ಟು ಕೂತಿರುತ್ತದೆ. ಸರಿ ಗಟ್ಟಿ ಇದ್ದರೆ ನಿಪ್ಪಲ್ಲಿನಿಂದ ಇಳಿಯುವುದಿಲ್ಲ. ಹಾಗಾಗಿ ನೀರು ಹೆಚ್ಚು ಹಾಕುತ್ತಾರೆ, ಅದೂ ಸಾಲದೆ ಸೂಜಿ ಕಾಯಿಸಿ ತೂತು ದೊಡ್ಡದು ಮಾಡಿರುತ್ತಾರೆ. ನಿಪ್ಪಲ್ ಕಳಚಿ ಒಳಗೆ ಬೆರಳಾಡಿಸಿದರೆ ಜಿಡ್ಡು ಹತ್ತುತ್ತದೆ. ಕುದಿಸಿದ ಬಾಟಲಿಯಲ್ಲೂ ಕೆಲವೊಮ್ಮೆ ಹೀಗೇ ಇರುತ್ತದೆ. ತಿರುಪಿನ ಸಂದಿಯಲ್ಲಿ, ನಿಪ್ಪಲ್ಲಿನ ಮಡಿಕೆಯಲ್ಲಿ ಉಳಿದ ಹಿಟ್ಟು ಹುಳಿಯುತ್ತದೆ. ಏಳನೇ ತಿಂಗಳಲ್ಲಿ ಆದ ಭೇದಿಗೂ ಇದೇ ಕಾರಣ ಇರಬಹುದು ಅಂತ ನನ್ನ ಅನುಮಾನ. ಭೇದಿಯಲ್ಲಿ ಒಂದಿಷ್ಟು ತೂಕ ಹೋಗುತ್ತದೆ, ಆಮೇಲೆ ಹತ್ತು ಹದಿನೈದು ದಿನ ಹಸಿವೂ ಕಡಿಮೆ ಇರುತ್ತದೆ.

ಲೆಕ್ಕ ಹಾಕಿ ನೋಡಿ. 200 ಎಂಎಲ್ ನೀರಿಗೆ ಎರಡು ಟೀ ಚಮಚ ರಾಗಿ ಹಿಟ್ಟು ಹಾಕಿದರೆ ಸಿಗುವುದು 30 ಕ್ಯಾಲೊರಿ ಆಸುಪಾಸು. ಅಷ್ಟೇ ಎದೆಹಾಲಿನಲ್ಲಿ 130 ಕ್ಯಾಲೊರಿ ಇರುತ್ತದೆ. ಇಷ್ಟು ಸಣ್ಣ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದೇ ಒಂದು ಲೋಟದಷ್ಟು, ಸುಮಾರು 200 ಎಂಎಲ್. ಅದನ್ನು ನೀರು ತುಂಬಿಬಿಟ್ಟರೆ ಮಗು ಸುಮ್ನೆ ಮಲಗುತ್ತದೆ. ಹೊಟ್ಟೆ ತುಂಬಿದೆ ಅಂತ ಎಲ್ಲರಿಗೂ ಸಮಾಧಾನ. ಮೈಗೆ ಮಾತ್ರ ಏನೂ ಸೇರಿರುವುದಿಲ್ಲ. ಸಂಜೆ ನೀವು ಬಂದಾಗಲೂ ಹೊಟ್ಟೆ ತುಂಬಿರುವುದರಿಂದ ಎದೆಹಾಲು ಸರಿಯಾಗಿ ಎಳೆಯುವುದಿಲ್ಲ. ಮಗು ಎಳೆಯದಿದ್ದರೆ ಹಾಲು ಬರುವುದೂ ಕಡಿಮೆಯಾಗುತ್ತದೆ. ಆಗ ‘ಹಾಲು ಬತ್ತಿದೆ, ಸತ್ವ ಇಲ್ಲ’ ಅನ್ನುವ ಮಾತು ಹುಟ್ಟುತ್ತದೆ.

ಆರು ತಿಂಗಳಾದ ಮೇಲೆ ಹಾಲು ನೀರಾಗುವುದಿಲ್ಲ. ಎದೆಹಾಲು ನೋಡಲು ತೆಳ್ಳಗೆ, ಸ್ವಲ್ಪ ನೀಲಿ ಛಾಯೆ ಇರುವುದು ಮೊದಲಿಂದಲೂ ಹಾಗೇ. ಎಮ್ಮೆ ಹಾಲಿನ ಜೊತೆ ಹೋಲಿಸಿ ನೋಡುವವರಿಗೆ ಅದು ನೀರಿನಂತೆ ಕಾಣುತ್ತದೆ. ಆರರಿಂದ ಹನ್ನೆರಡು ತಿಂಗಳವರೆಗೆ ಮಗುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ಈ ಹಾಲಿನಿಂದಲೇ ಬರುತ್ತದೆ. ಬದಲಾಗಿರುವುದು ಮಗುವಿನ ಬೇಡಿಕೆ. ಮೈ ದೊಡ್ಡದಾಗಿದೆ, ಓಡಾಟ ಜಾಸ್ತಿಯಾಗಿದೆ, ಹುಟ್ಟುವಾಗ ತಂದ ಕಬ್ಬಿಣದ ಸಂಗ್ರಹ ಖಾಲಿಯಾಗುತ್ತಿದೆ. ಹಾಲಿನ ಜೊತೆಗೆ ಊಟ ಬೇಕು, ಅಷ್ಟೇ.

ಅತ್ತೆಯವರ ರಾಗಿಯಲ್ಲಿ ಯಾವ ತಪ್ಪೂ ಇಲ್ಲ. ಅವರನ್ನು ಕೂರಿಸಿಕೊಂಡು ಇದನ್ನು ಹೇಳಿ. ರಾಗಿಯನ್ನು ಮೊಳಕೆ ಕಟ್ಟಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಷ್ಟು ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸುವುದು ನಮ್ಮ ಹಿರಿಯರು ಕಂಡುಕೊಂಡ ಒಳ್ಳೆಯ ದಾರಿ. ಮೊಳಕೆ ಬರಿಸಿದ ಹಿಟ್ಟು ಬೇಯುವಾಗ ಅಷ್ಟಾಗಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸಬಹುದು. ರಾಗಿಯಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಗೊಡದ ಅಂಶವೂ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಬದಲಾಗಬೇಕಿರುವುದು ಅಳತೆ ಮತ್ತು ಪಾತ್ರೆ. ಎರಡು ಚಮಚದ ಬದಲು 25 ಗ್ರಾಂ ಹಿಟ್ಟು ಹಾಕಿ. ಒಂದು ಸಲ ಅಡುಗೆ ತಕ್ಕಡಿಯಲ್ಲಿ ತೂಗಿ, ಮನೆಯ ಯಾವ ಚಮಚದಲ್ಲಿ ಎಷ್ಟು ಬರುತ್ತದೆ ಅಂತ ಗುರುತು ಮಾಡಿಕೊಂಡರೆ ಸಾಕು. ಚೆನ್ನಾಗಿ ಬೇಯಿಸಿ, ಇಳಿಸಿದ ಮೇಲೆ ಒಂದು ಟೀ ಚಮಚ ತುಪ್ಪ. ಆಗ ಒಂದೇ ಬಟ್ಟಲಿನಲ್ಲಿ 120 ಕ್ಯಾಲೊರಿ ದಾಟುತ್ತದೆ. ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆ ಊಟದಿಂದ ಬೇಕಾಗುವುದು ದಿನಕ್ಕೆ ಸುಮಾರು 200 ಕ್ಯಾಲೊರಿ. ಹಿಂದುಳಿದಿರುವ ಮಗುವಿಗೆ ಇನ್ನೂ ಸ್ವಲ್ಪ ಜಾಸ್ತಿ. ಹದ ತಿಳಿಯಲು ಚಮಚ ಓರೆ ಮಾಡಿ ನೋಡಿ. ಜಾರಿ ಸುರಿದರೆ ತೆಳು, ಚಮಚದಲ್ಲೇ ನಿಂತರೆ ಸರಿ.

ರಾಗಿ ದಿನಕ್ಕೆ ಒಂದು ಹೊತ್ತು ಸಾಕು. ಇನ್ನೊಂದು ಹೊತ್ತು ಮೆತ್ತಗೆ ಬೆಂದ ಅನ್ನ, ತೊಗರಿಬೇಳೆ ಅಥವಾ ಹೆಸರುಬೇಳೆ, ಒಂದು ಚೂರು ಕ್ಯಾರೆಟ್ಟೋ ಸೊಪ್ಪೋ, ತುಪ್ಪ. ಬೇಳೆ ಕಟ್ಟು ಮಾತ್ರ ಬಸಿದು ಕೊಡುವ ಅಭ್ಯಾಸ ನಮ್ಮಲ್ಲಿ ಬಹಳ. ಕಟ್ಟಿನಲ್ಲಿ ರುಚಿ ಇರುತ್ತದೆ, ಬೇಳೆ ಪಾತ್ರೆಯಲ್ಲೇ ಉಳಿದಿರುತ್ತದೆ. ಬೇಳೆಯನ್ನೇ ಕಿವುಚಿ ಕೊಡಿ. ಮೊಟ್ಟೆ ತಿನ್ನುವ ಮನೆಯಾದರೆ ಪೂರ್ತಿ ಬೆಂದ ಮೊಟ್ಟೆ, ಹಳದಿ ಬಿಳಿ ಎರಡೂ, ಈಗಲೇ ಶುರುಮಾಡಬಹುದು. ವರ್ಷದವರೆಗೆ ಕಾಯಬೇಕು ಅನ್ನುವುದು ಹಳೆಯ ಮಾತು. ಮಾಂಸ, ಮೀನು ತಿನ್ನುವವರು ಮೆತ್ತಗೆ ಬೇಯಿಸಿ, ಮುಳ್ಳು ಮೂಳೆ ತೆಗೆದು, ಕಿವುಚಿ ಕೊಡಬಹುದು. ಕಬ್ಬಿಣ ಅದರಿಂದ ಹತ್ತುವಷ್ಟು ಸುಲಭವಾಗಿ ಸೊಪ್ಪಿನಿಂದ ಹತ್ತುವುದಿಲ್ಲ. ಬಾಳೆಹಣ್ಣು, ಸಪೋಟ ನಡುವೆ ಯಾವಾಗಲಾದರೂ ಆಗುತ್ತದೆ. ಉಪ್ಪು, ಸಕ್ಕರೆ, ಬೆಲ್ಲ ವರ್ಷದವರೆಗೆ ಬೇಡ. ಜೇನುತುಪ್ಪವಂತೂ ನಾಲಿಗೆಗೆ ಸವರುವುದೂ ಬೇಡ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಮಕ್ಕಳ ಸ್ನಾಯುಗಳನ್ನೇ ಸೋಲಿಸಿಬಿಡಬಹುದು.

ಚಮಚದಲ್ಲಿ ಕೊಟ್ಟರೆ ಉಗಿಯುತ್ತಾಳೆ ಅಂದಿರಿ. ಎರಡು ತಿಂಗಳು ಬಾಟಲಿ ಎಳೆದ ಮಗು ಚಮಚವನ್ನೂ ಎಳೆಯಲು ನೋಡುತ್ತದೆ, ಆಗ ನಾಲಿಗೆ ಊಟವನ್ನು ಹೊರಗೆ ತಳ್ಳುತ್ತದೆ. ಅದು ಬೇಡ ಅನ್ನುವುದಲ್ಲ, ಇನ್ನೂ ಗೊತ್ತಿಲ್ಲ ಅನ್ನುವುದು. ಮಗುವನ್ನು ನೆಟ್ಟಗೆ ಕೂರಿಸಿ. ಕೆಳತುಟಿಯ ಮೇಲೆ ಚಮಚ ಮುಟ್ಟಿಸಿ, ಬಾಯಿ ತೆರೆಯುವವರೆಗೆ ಕಾಯಿರಿ. ಮೊದಲ ಮೂರು ನಾಲ್ಕು ದಿನ ಬಟ್ಟಲಿನ ಅರ್ಧ ಅಂಗಿಯ ಮೇಲೇ ಹೋಗುತ್ತದೆ, ಹೋಗಲಿ. ಮೂಗು ಹಿಡಿದು ಸುರಿಯುವುದು, ಮಲಗಿಸಿ ಒಳಲೆಯಲ್ಲಿ ಸರಿ ಬಿಡುವುದು ಅಪಾಯ, ಊಟ ಶ್ವಾಸಕ್ಕೆ ಹೋಗಬಹುದು. ಮೊಬೈಲ್ ತೋರಿಸಿ ತಿನ್ನಿಸಿದರೆ ಮಗುವಿಗೆ ತನ್ನ ಹಸಿವು, ತೃಪ್ತಿ ಎರಡೂ ತಿಳಿಯುವುದಿಲ್ಲ. ಇನ್ನೊಂದು ಮಾತು, ಮಿಕ್ಸಿಗೆ ಹಾಕಬೇಡಿ. ಕೈಯಲ್ಲಿ ಕಿವುಚಿ, ಸಣ್ಣ ಸಣ್ಣ ಅಗುಳು ಉಳಿಯಲಿ. ಹಲ್ಲಿಲ್ಲದಿದ್ದರೂ ಒಸಡಿನಲ್ಲಿ ಚೆನ್ನಾಗಿಯೇ ಅಗಿಯುತ್ತಾರೆ. ಹತ್ತು ತಿಂಗಳು ದಾಟಿದರೂ ನುಣ್ಣಗಿನದನ್ನೇ ತಿಂದ ಮಕ್ಕಳು ಆಮೇಲೆ ಅಗಿಯುವ ಊಟಕ್ಕೆ ಹಠ ಮಾಡುತ್ತಾರೆ.

ನೀವು ಮನೆಯಲ್ಲಿಲ್ಲದ ಒಂಬತ್ತು ಗಂಟೆಗೆ ಏನು ಮಾಡುವುದು? ಮೂರು ದಾರಿಗಳಿವೆ.

ನನಗೆ ಹೆಚ್ಚು ಇಷ್ಟವಾದದ್ದು ಹಾಲು ಹಿಂಡಿಟ್ಟು ಹೋಗುವುದು. ಬೆಳಿಗ್ಗೆ ಮಗು ಕುಡಿದ ಮೇಲೆ ಒಂದು ಸಲ, ಶಾಲೆಯಲ್ಲಿ ಒಂದು ಸಲ, ಕೈಯಲ್ಲೋ ಪಂಪಿನಲ್ಲೋ ಹಿಂಡಿ. ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನ ಒಳಬದಿಯಲ್ಲಿಟ್ಟರೆ ಒಂದು ದಿನ ಧೈರ್ಯವಾಗಿ ಬಳಸಬಹುದು. ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಬೇಡ, ದಾವಣಗೆರೆಯ ಬೇಸಿಗೆಯಲ್ಲಿ ಅಷ್ಟೂ ಬೇಡ. ಶಾಲೆಯಲ್ಲಿ ಹಿಂಡಿದ್ದನ್ನು ಐಸ್ ಇಟ್ಟ ಡಬ್ಬಿಯಲ್ಲಿ ತನ್ನಿ. ಕೊಡುವಾಗ ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಕುದಿಸಬೇಡಿ. ಮಗುವನ್ನು ಕೂರಿಸಿಕೊಂಡು ಸಣ್ಣ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಸಲಿ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕೊಡಬೇಕು ಅಂತಿದೆ. ಶಾಲೆಯಲ್ಲಿ ಕೇಳಲು ಸಂಕೋಚ ಬೇಡ. ಇದರ ಕಷ್ಟ ಏನೆಂದರೆ ಮೊದಲ ವಾರ ಹಿಂಡಿದಾಗ ಬರುವುದು ಸ್ವಲ್ಪವೇ. ಅದನ್ನು ನೋಡಿ ಹಾಲಿಲ್ಲ ಅಂದುಕೊಳ್ಳಬೇಡಿ. ಮಗು ಎಳೆದಾಗ ಅದಕ್ಕಿಂತ ಹೆಚ್ಚು ಬರುತ್ತದೆ.

ಎರಡನೆಯದು ಫಾರ್ಮುಲಾ, ಅಂದರೆ ಎಳೆ ಮಕ್ಕಳಿಗಾಗಿ ಮಾಡಿದ ಡಬ್ಬಿಯ ಹಾಲಿನ ಪುಡಿ. ಹಿಂಡುವುದು ಆಗಲೇ ಇಲ್ಲ ಅಂದರೆ ಹಗಲು ಒಂದು ಸಲ ಕೊಡಬಹುದು, ಅದನ್ನು ಪಾಪ ಅನ್ನುವವಳು ನಾನಲ್ಲ. ಆದರೆ ಡಬ್ಬಿಯ ಜೊತೆ ಬರುವ ಚಮಚದಲ್ಲೇ ಅಳೆಯಬೇಕು. ದುಬಾರಿ ಅಂತ ಪುಡಿ ಉಳಿಸಲು ನೀರು ಹೆಚ್ಚು ಹಾಕಿದರೆ ರಾಗಿ ನೀರಿನ ಕಥೆಯೇ ಮತ್ತೆ ಆಗುತ್ತದೆ. ಕುದಿಸಿದ ನೀರು ಬೇಕು, ಲೋಟದಲ್ಲಿ ಕೊಡಬೇಕು. ಫಾರ್ಮುಲಾ ಹೆಚ್ಚಿದಷ್ಟೂ ನಿಮ್ಮ ಹಾಲು ತಗ್ಗುತ್ತದೆ ಅನ್ನುವುದೂ ನೆನಪಿರಲಿ.

ಮೂರನೆಯದು ಅತ್ತೆ ಹೇಳಿದ ಹಸುವಿನ ಹಾಲು. ವರ್ಷ ತುಂಬುವವರೆಗೆ ಕುಡಿಯುವ ಹಾಲಾಗಿ ಬೇಡ. ಅದರಲ್ಲಿ ಕಬ್ಬಿಣ ತೀರಾ ಕಡಿಮೆ. ಎಳೆಯ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವಂತೆಯೂ ಮಾಡುತ್ತದೆ. ದಿನಕ್ಕೆ ಅರ್ಧ ಲೀಟರ್ ಹಾಲು ಕುಡಿದು ದುಂಡಗೆ ಕಾಣುವ, ಆದರೆ ಬಿಳಿಚಿಕೊಂಡ ಮಕ್ಕಳನ್ನು ನಾನು ಆಗಾಗ ನೋಡುತ್ತೇನೆ. ರಾಗಿ ಬೇಯಿಸುವಾಗ ಸ್ವಲ್ಪ ಹಾಲು ಸೇರಿಸುವುದು, ಒಂದೆರಡು ಚಮಚ ಮೊಸರು ಕೊಡುವುದು ಆಗುತ್ತದೆ. ಅತ್ತೆಯವರ ಮಾತೂ ಉಳಿಯುತ್ತದೆ.

ಟಾನಿಕ್ ಬಾಟಲಿಯ ಮೇಲೆ ಸಿಪ್ರೊಹೆಪ್ಟಡಿನ್ ಅಂತ ಬರೆದಿದೆಯಾ ನೋಡಿ. ಅದು ಅಲರ್ಜಿಯ ಔಷಧಿ, ಹಸಿವು ಹೆಚ್ಚಿಸುವುದು ಅದರ ಅಡ್ಡ ಪರಿಣಾಮ. ಮಗು ಮಂಪರಾಗಿ ಮಲಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ. ಹಾಕದೆ ಇದ್ದದ್ದು ಒಳ್ಳೆಯದೇ ಆಯಿತು. ಹಾಕಬೇಕಾದ ಹನಿಗಳು ಬೇರೆ ಎರಡಿವೆ. ವಿಟಮಿನ್ ಡಿ, ದಿನಕ್ಕೆ 400 ಐಯು, ವರ್ಷ ತುಂಬುವವರೆಗೆ. ಇನ್ನೊಂದು ಕಬ್ಬಿಣದ ಸಿರಪ್. ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಆರು ತಿಂಗಳು ದಾಟಿದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಎಂಎಲ್ ಕೊಡಬೇಕು, ಆಶಾ ಕಾರ್ಯಕರ್ತೆಯರ ಹತ್ತಿರ ಉಚಿತವಾಗಿ ಸಿಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ಹತ್ತಿರಹತ್ತಿರ ರಕ್ತಹೀನತೆ ಕಂಡಿತ್ತು. ಆ ಸಿರಪ್ ಅಲಮಾರಿಯಲ್ಲೇ ಕೂತಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಕಬ್ಬಿಣದಿಂದ ಆಗುವುದೇ.

ಹಾಗಂತ ಎಲ್ಲವೂ ಬಾಟಲಿಯದೇ ತಪ್ಪು ಅಂತ ಇಲ್ಲಿ ಕೂತು ತೀರ್ಪು ಕೊಡಲಾರೆ. ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ. ತೂಕದ ಜೊತೆ ಉದ್ದ ಮತ್ತು ತಲೆಯ ಸುತ್ತಳತೆಯನ್ನೂ ಅಳೆಯಲಿ, ಹೃದಯದ ಸದ್ದು ಕೇಳಲಿ. ಉದ್ದ, ತಲೆ ಎರಡೂ ಚೆನ್ನಾಗಿದ್ದು ತೂಕ ಮಾತ್ರ ನಿಂತಿದ್ದರೆ ಊಟದ ಕೊರತೆಯೇ ಹೆಚ್ಚು ಸಂಭವ. ಹಾಲು ಕುಡಿಯುವಾಗ ಹಣೆ ಬೆವರಿ ಏದುಸಿರು ಬಂದರೆ ಹೃದಯ ಪರೀಕ್ಷೆ ಬೇಕು. ನೆಗಡಿ ಕೆಮ್ಮು ಇಲ್ಲದೆ ಜ್ವರ ಬಂದು ಬಂದು ಹೋಗುತ್ತಿದ್ದರೆ ಮೂತ್ರ ಪರೀಕ್ಷೆ ಬೇಕು, ಹೆಣ್ಣುಮಕ್ಕಳಲ್ಲಿ ಮೂತ್ರದ ಸೋಂಕು ಸದ್ದಿಲ್ಲದೆ ತೂಕ ಇಳಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ಮುಚ್ಚಿಡದೆ ಹೇಳಿ. ರಕ್ತ ಪರೀಕ್ಷೆಗಳ ದೊಡ್ಡ ಪಟ್ಟಿ ಮೊದಲ ದಿನವೇ ಬೇಕಿಲ್ಲ. ಹಿಮೋಗ್ಲೋಬಿನ್, ಮೂತ್ರ ನೋಡಿದರೆ ಸಾಮಾನ್ಯವಾಗಿ ಸಾಕು.

ಊಟ ಬದಲಿಸಿದ ದಿನದಿಂದ ಎರಡು ವಾರ ಬಿಟ್ಟು ಅದೇ ತಕ್ಕಡಿಯಲ್ಲಿ ತೂಗಿ. 150–200 ಗ್ರಾಂ ಏರಿದ್ದರೆ ದಾರಿ ಸರಿಯಿದೆ. ಒಂದು ತಿಂಗಳಾದರೂ ಗೆರೆ ಏಳದಿದ್ದರೆ, ಅಥವಾ ತೂಕ ಇಳಿದರೆ, ಮತ್ತೆ ವೈದ್ಯರ ಹತ್ತಿರ ಹೋಗಿ. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಇರುತ್ತದೆ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ, ಪಾದಗಳಲ್ಲಿ ಬಾವು ಕಂಡರೆ, ಅಥವಾ ಮಗು ಸುಸ್ತಾಗಿ ಹಾಲೂ ಬೇಡ ಅಂದರೆ ಎರಡು ವಾರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಉಳಿದ ಎರಡು ವಿಷಯ ಬೇಗ ಮುಗಿಯುತ್ತವೆ. ಮೊದಲ ಹಲ್ಲು ಆರು ತಿಂಗಳಿಗೂ ಬರಬಹುದು, ವರ್ಷದ ಹತ್ತಿರಕ್ಕೂ ಬರಬಹುದು. ಹದಿಮೂರು ತಿಂಗಳು ದಾಟಿದರೆ ತೋರಿಸಿ. ಹಲ್ಲು ಬರುವಾಗ ಭೇದಿ ಆಗುತ್ತದೆ ಅನ್ನುವುದನ್ನು ಮಾತ್ರ ನಂಬಬೇಡಿ. ಆ ವಯಸ್ಸಿನಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಭೇದಿ ಬರುವುದು ಹೆಚ್ಚಾಗಿ ಹೀಗೆ ತಗಲುವ ಸೋಂಕಿನಿಂದ.

ಆಸರೆ ಇಲ್ಲದೆ ಕೂರುತ್ತಿದ್ದಾಳೆ, ಅದು ಒಳ್ಳೆಯ ಸುದ್ದಿ. ಅಂಬೆಗಾಲಿಡಲು ಕೆಲವು ಮಕ್ಕಳು ಹದಿಮೂರು ತಿಂಗಳವರೆಗೂ ತೆಗೆದುಕೊಳ್ಳುತ್ತಾರೆ. ಕೆಲವರು ಅಂಬೆಗಾಲಿಡದೆ ಕೂತಲ್ಲೇ ಜರುಗಿ, ನೇರ ಎದ್ದು ನಿಲ್ಲುತ್ತಾರೆ. ನಡಿಗೆ ಒಂದೂವರೆ ವರ್ಷದೊಳಗೆ ಯಾವಾಗ ಬಂದರೂ ಸರಿ. ವಾಕರ್ ಅದನ್ನು ಬೇಗ ತರುವುದಿಲ್ಲ, ಕೆಲವರಲ್ಲಿ ತಡವೇ ಮಾಡುತ್ತದೆ. ಕಾಲ ತುದಿಯಿಂದ ನೆಲ ಒದ್ದು ಓಡುವ ಮಗುವಿಗೆ ತನ್ನ ಭಾರ ತಾನೇ ಹೊರುವ ಅಭ್ಯಾಸ ಆಗುವುದಿಲ್ಲ. ಮೆಟ್ಟಿಲು, ಒಲೆ, ಬಿಸಿನೀರಿನ ಬಕೆಟ್ ಹತ್ತಿರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಲುಪಿಬಿಡುತ್ತದೆ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದೇ ನಿಷೇಧ. ಅಣ್ಣನಿಗೆ ಬೇಸರವಾಗದಂತೆ ಹೇಳಿ ಅಂಗಡಿಗೆ ವಾಪಸ್ ಕೊಡಿಸಿ, ಆ ದುಡ್ಡಿಗೆ ಒಂದು ದಪ್ಪ ಚಾಪೆ ತರಲು ಹೇಳಿ. ದಿನಕ್ಕೆ ನಾಲ್ಕೈದು ಸಲ ಅದರ ಮೇಲೆ ಬೋರಲು ಹಾಕಿ, ಕೈಗೆ ಸ್ವಲ್ಪ ದೂರದಲ್ಲಿ ಒಂದು ಸ್ಟೀಲ್ ಲೋಟ ಇಡಿ.